ಪಕ್ಕೆಯ ಹೊಲಿಗೆ

ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತಾಗಿನಿಂದ ಅವಳ ಕೈ ಎಡಪಕ್ಕೆ ಬಿಟ್ಟು ಕದಲಿರಲಿಲ್ಲ.

"ಕೈ ತೆಗಿಯೇ, ನೀನೇ ತೋರಿಸಿಕೊಟ್ಟ ಹಾಗಿದೆ," ಎಂದು ಗಂಡ ಪಿಸುಗುಟ್ಟಿದ.

ಅವರು ದುಡಿಯಲು ಬಂದಿದ್ದ ಆ ಪರದೇಶದಲ್ಲಿ ಕಾಯಂ ಆಗಿ ನೆಲೆಸಲು ಅರ್ಜಿ ಹಾಕಿದವರಿಗೆಲ್ಲ ವೈದ್ಯಕೀಯ ತಪಾಸಣೆ. ಒಬ್ಬರು ಫೇಲಾದರೆ ಮನೆಮಂದಿಯೆಲ್ಲ ಫೇಲು. ಗಂಡನ ಕೆಲಸ, ಮಗಳ ಶಾಲೆ, ಹೋಟೆಲಿನ ಲಾಂಡ್ರಿಯಲ್ಲಿ ಅವಳ ಇಸ್ತ್ರಿ ಕೆಲಸ ಎಲ್ಲ ಬಿಟ್ಟು ಗಂಟುಮೂಟೆ ಕಟ್ಟಬೇಕು. ಗಂಡ, ಮಗಳದು ಆಗಲೇ ಮುಗಿದಿತ್ತು.

ಅವಳಿಗಿರುವುದು ಒಂದೇ ಕಿಡ್ನಿ. ಇನ್ನೊಂದು ಒಂಬತ್ತು ವರ್ಷದಿಂದ ಊರಲ್ಲಿರುವ ಮೈದುನನ ಹೊಟ್ಟೆಯಲ್ಲಿದೆ. ಅವತ್ತು ಅವಳೇ ಮುಂದೆ ಬಂದು ಕೊಡುತ್ತೇನೆ ಎಂದಾಗ ಅತ್ತೆ ಅವಳ ಎರಡೂ ಕೈ ಹಿಡಿದು ಅತ್ತಿದ್ದರು. ಅದೇ ಅತ್ತೆ ಹೋದ ವಾರ ಫೋನಿನಲ್ಲಿ, "ಒಂದೇ ಕಿಡ್ನಿ ಅಂದ್ರೆ ವಾಪಸ್ ಕಳಿಸ್ತಾರಂತೆ ಕಣಮ್ಮ, ಬಾಯಿ ಬಿಡಬೇಡ," ಎಂದರು. ತಪಾಸಣೆಯ ಫಾರಂನಲ್ಲಿದ್ದ 'ಹಿಂದೆ ಆಪರೇಷನ್ ಆಗಿದೆಯೇ' ಎಂಬ ಪ್ರಶ್ನೆಗೆ ಗಂಡ 'ಇಲ್ಲ' ಎಂದು ತುಂಬಿದ. ಅವಳು ಸಹಿ ಹಾಕಿದಳು.

"ಗಾಯ ನೋಡಿ ಕೇಳಿದ್ರೆ ಸಿಸೇರಿಯನ್ ಅಂದ್ಬಿಡು."

"ಪಕ್ಕೆಗೆ ಸಿಸೇರಿಯನ್ ಮಾಡ್ತಾರೇನ್ರೀ? ಇವಳೇನು ಕಂಕುಳಿಂದ ಹುಟ್ಟಿದ್ಲಾ?" ಎಂದು ಪಕ್ಕದಲ್ಲಿ ಕೂತಿದ್ದ ಮಗಳತ್ತ ಕಣ್ಣು ಹಾಯಿಸಿದಳು.

"ಹಾಗಾದ್ರೆ ಬಿದ್ದೆ ಅನ್ನು!"

ಅಷ್ಟರಲ್ಲಿ ಒಳಗಿಂದ ಕರೆ ಬಂತು.

ಡಾಕ್ಟರು ಹೆಂಗಸು. ಮಂಚದ ಮೇಲೆ ಹಾಸಿದ್ದ ಕಾಗದ ಮಲಗಿದ್ದ ಅವಳು ಉಸಿರಾಡಿದಾಗಲೆಲ್ಲ ಸದ್ದು ಮಾಡುತ್ತಿತ್ತು. ಬಿ.ಪಿ. ಹೆಚ್ಚಿತ್ತು. "ಹೆದರಿದೀರಾ?" ಎಂದರೆ "ಇಲ್ಲ, ಕೆಲಸದಿಂದ ಓಡಿ ಬಂದೆ," ಎಂದಳು. ತಣ್ಣನೆ ಬೆರಳುಗಳು ಹೊಟ್ಟೆಯ ಮೇಲಿಂದ ಸರಿದು ಪಕ್ಕೆಗೆ ಬಂದು ನಿಂತವು.

"ಇದೇನು?"

'ಬಿದ್ದೆ' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಬಿದ್ದೆ ಎಂದರೆ ಮೈದುನ ಬದುಕಿದ್ದು ಯಾರಿಂದ? ಬದುಕಿನಲ್ಲಿ ಯಾರನ್ನೂ ಕೇಳದೆ ತಾನಾಗಿಯೇ ಮಾಡಿದ್ದು ಅದೊಂದೇ. ಅದನ್ನೂ ಜಾರಿಬಿದ್ದ ಲೆಕ್ಕಕ್ಕೆ ಸೇರಿಸುವುದೇ?

"ಕಿಡ್ನಿ ಕೊಟ್ಟಿದ್ದು. ಗಂಡನ ತಮ್ಮನಿಗೆ," ಎಂದಳು.

ಡಾಕ್ಟರು ಮೊದಲೇ ಬಂದಿದ್ದ ಲ್ಯಾಬ್ ರಿಪೋರ್ಟು ತಿರುವಿದರು. "ರಕ್ತ, ಮೂತ್ರ ಎಲ್ಲ ಚೆನ್ನಾಗಿದೆ. ಒಂದು ಕಿಡ್ನಿ ತೊಂದರೆಯೇನಲ್ಲ, ಎಷ್ಟೋ ಜನ ಇದಾರೆ."

ಅವಳು ಎದ್ದು ಮಂಚದಿಂದ ಇಳಿಯಲು ಹೊರಟಳು. ಆದರೆ ಡಾಕ್ಟರು ಫಾರಂನ ಮೊದಲ ಪುಟಕ್ಕೆ ಹೋದರು.

"ಇಲ್ಲಿ 'ಇಲ್ಲ' ಅಂತ ಬರೆದಿದೀರಲ್ಲ? ತೊಂದರೆ ಇರೋದು ಇದರಲ್ಲಿ. ಸುಳ್ಳು ಮಾಹಿತಿ ಅಂತ ಅರ್ಜಿಯನ್ನೇ ತಳ್ಳಿಹಾಕಬಹುದು. ಅದು ನನ್ನ ಕೈಲಿಲ್ಲ. ಯಾರು ತುಂಬಿದ್ದು?"

"ತುಂಬಿದ್ದು ಅವರು. ಸಹಿ ನನ್ನದು. ಹೆದರಿಬಿಟ್ವಿ."

"ಹಾಗಾದರೆ ಅದನ್ನೇ ಇಬ್ಬರೂ ಬರೆದು ಕೊಡಿ. ರಿಪೋರ್ಟಿನ ಜೊತೆ ಕಳಿಸ್ತೀನಿ."

ಅವಳು ಬಾಗಿಲು ತೆರೆದಳು. ಗಂಡ ಅವಳ ಮುಖ ನೋಡಿಯೇ ಬಿಳಿಚಿಕೊಂಡ.

"ಹೇಳ್ಬಿಟ್ಯಾ?"

"ಕಿಡ್ನಿ ಪಾಸಾಯ್ತು. 'ಇಲ್ಲ' ಅಂತ ಬರೆದಿದ್ದು ಪಾಸಾಗಿಲ್ಲ. ಬನ್ನಿ, ಯಾಕೆ ಬರೆದ್ವಿ ಅಂತ ಇಬ್ರೂ ಬರ್ಕೊಡ್ಬೇಕಂತೆ."

ಅವನು ಏಳಲಿಲ್ಲ. ಮಗಳು ಒಮ್ಮೆ ಅಪ್ಪನನ್ನು, ಒಮ್ಮೆ ಅಮ್ಮನನ್ನು ನೋಡಿದಳು. ತಾನಾಗಿ ಮುಚ್ಚಿಕೊಳ್ಳುತ್ತಿದ್ದ ಬಾಗಿಲನ್ನು ಹೆಂಡತಿ ಬೆನ್ನಿನಿಂದ ಒತ್ತಿ ಹಿಡಿದು ನಿಂತಳು.

"ಬನ್ನಿ ಅಂದೆನಲ್ಲ," ಎಂದಳು.