ಬಾಗಿಲು ಹಾಕಿಕೊಂಡು ಮನೆಯಲ್ಲೇ ಇರಿ

ಚೆನ್ನೈನ ಅಂಚಿನ ಮಣಲಿಯ ಒಂದು ಬಣ್ಣದ ಕಾರ್ಖಾನೆಯ ಗೋಡೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲಿ ಆ ಸಮುದಾಯ ರೇಡಿಯೊ ನಡೆಯುತ್ತಿತ್ತು. ಮೈಕಿನಿಂದ ಹಿಡಿದು ಕರೆಂಟಿನವರೆಗೆ ಎಲ್ಲವೂ ಕಾರ್ಖಾನೆಯ ಕೊಡುಗೆ. ಬೆಳಗಿನ ಕಾರ್ಯಕ್ರಮ ಸರಸಳದು. ರೇಷನ್ ಕಾರ್ಡು, ನೀರಿನ ಲಾರಿ, ಮಕ್ಕಳ ಲಸಿಕೆ ಅಂತ ಏಳು ವರ್ಷಗಳಿಂದ ಅವಳು ಹೇಳಿದ್ದೊಂದೂ ಸುಳ್ಳಾಗಿರಲಿಲ್ಲ. ಕೇರಿಯ ಹೆಂಗಸರು ಡಾಕ್ಟರ ಮಾತನ್ನಾದರೂ ಮೀರಿಯಾರು, ಅವಳ ಮಾತನ್ನು ಮೀರುತ್ತಿರಲಿಲ್ಲ.

ಆ ಮಂಗಳವಾರ ಬೆಳಗಿನಿಂದಲೇ ಗಾಳಿಯಲ್ಲಿ ಕಾರ್ಖಾನೆಯ ಕಡೆಯಿಂದ ಘಾಟು. ಏಳೂವರೆಗೆ ರತ್ನಾವತಿಯ ಫೋನು ಬಂತು. ಕುಂದಾಪುರದ ಕಡೆಯವಳು, ಅದೇ ಗೋಡೆಯ ಪಕ್ಕ ಇಡ್ಲಿ ಹೋಟೆಲಿಟ್ಟವಳು. ತಮಿಳು ಕಾರ್ಯಕ್ರಮದ ನಡುವೆ ಇವರಿಬ್ಬರೂ ಕನ್ನಡಕ್ಕೆ ಹೊರಳುವುದು ಕೇಳುಗರಿಗೆ ರೂಢಿಯಾಗಿತ್ತು.

"ಸರಸಕ್ಕಾ, ಕಣ್ಣು ಉರೀತಾ ಉಂಟು. ಅಮ್ಮನಿಗೆ ಮೊದಲೇ ಉಬ್ಬಸ. ಆಟೋ ಮಾಡಿ ಪೆರಂಬೂರಿಗೆ, ತಂಗಿ ಮನೆಗೆ ಕರ್ಕೊಂಡು ಹೋಗ್ಲಾ?"

ಮ್ಯಾನೇಜರ್ ಬದರಿನಾಥ ಕಾರ್ಖಾನೆಯಿಂದ ಬಂದ ಚೀಟಿಯನ್ನು ಮುಂದಿಟ್ಟು ಪಿಸುಗುಟ್ಟಿದ: "ಓದಿಲ್ಲಾಂದ್ರೆ ನಾಳೆ ರೇಡಿಯೊ ಇರಲ್ಲ."

ಸರಸ ಓದಿದಳು: "ಭಯವಿಲ್ಲ. ಬಾಗಿಲು ಹಾಕಿಕೊಂಡು ಮನೆಯಲ್ಲೇ ಇರಿ."

"ನೀವು ಹೇಳಿದ್ರೆ ಸಾಕು ಅಕ್ಕಾ," ಎಂದು ರತ್ನಾವತಿ ಫೋನಿಟ್ಟಳು.

ಒಂದು ಹಾಡು ಹಾಕಿ, ಸರಸ ಮೇಜಿನ ಕೆಳಗೆ ಮೊಬೈಲ್ ಹಿಡಿದು ಮಗಳು ಪ್ರಣಮ್ಯಾಗೆ ಬರೆದಳು: ಈಗಲೇ ಹೊರಡು, ಕೋಯಂಬೇಡಿಗೆ ಅತ್ತೆ ಮನೆಗೆ ಹೋಗು, ಯಾರಿಗೂ ಹೇಳಬೇಡ. ಆಮೇಲೆ ಅದೇ ಚೀಟಿಯನ್ನು ತಮಿಳಿನಲ್ಲಿ ನಾಲ್ಕು ಸಲ ಓದಿದಳು. ದನಿ ಎಂದಿನಂತೆ ಬೆಚ್ಚಗಿತ್ತು.

ಮಧ್ಯಾಹ್ನದ ಹೊತ್ತಿಗೆ ರತ್ನಾವತಿಯ ತಾಯಿ ಮುಚ್ಚಿದ ಕೋಣೆಯಲ್ಲಿ ಉಸಿರುಕಟ್ಟಿ ಸತ್ತಿದ್ದಳು.

ಹದಿಮೂರನೆಯ ದಿನ ಕಳೆದ ಮೇಲೆ ರತ್ನಾವತಿ ರೇಡಿಯೊಗೆ ಬಂದಳು. ಬಯ್ಯಲಿ, ಕಪಾಳಕ್ಕೆ ಬಾರಿಸಲಿ ಎಂದು ಸರಸ ಕಾದಳು.

"ನಿಮ್ಮ ಮಗಳು ಹುಷಾರಿದ್ದಾಳಲ್ಲ ಅಕ್ಕಾ? ಅವತ್ತು ಎಲ್ಲಿದ್ಲು?"

ಸರಸ ಹೇಳಿದಳು: "ಮನೇಲೇ. ಬಾಗಿಲು ಹಾಕ್ಕೊಂಡು."

"ಪಾಪ, ಆ ಮಗು," ಎಂದು ರತ್ನಾವತಿ ಅವಳ ಕೈ ಹಿಡಿದುಕೊಂಡಳು. "ಮಗಳಿಗೆ ಹೇಳಿದ್ದನ್ನೇ ನಮಗೂ ಹೇಳಿದ್ರಿ. ಅಮ್ಮನ ಆಯುಸ್ಸು ಅಷ್ಟೇ ಇದ್ದದ್ದು."

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಬದರಿನಾಥ ಹಿಗ್ಗಿದ. ನೆರವು ಮುಂದುವರಿಸುವ ಮೊದಲು ಕಾರ್ಖಾನೆಯವರು ಕೇಳುಗರ ಅಭಿಪ್ರಾಯ ಕೇಳಿದ್ದರು. "ಇದನ್ನೇ ಮೈಕಿನಲ್ಲಿ ಹೇಳಮ್ಮ, ರೇಡಿಯೊ ನಮ್ಮ ಮನೆಯವರ ಹಾಗೆ ಅಂತ."

ರತ್ನಾವತಿ ಹೇಳತೊಡಗಿದಳು. ಅಮ್ಮನ ಮಾತು ಬಂದಲ್ಲಿ ದನಿ ಒಡೆದು ಬಿಕ್ಕಿದಳು.

ಬದರಿನಾಥ ಹೆಡ್‌ಫೋನ್ ಕಳಚಿದ. "ಅಳು ಜಾಸ್ತಿಯಾಯ್ತು ಸರಸ, ಇನ್ನೊಂದು ಟೇಕ್."

ಸರಸ ಲೋಟದಲ್ಲಿ ನೀರು ತಂದು ಅವಳ ಕೈಗಿಟ್ಟಳು.

"ಅಮ್ಮನ ವಿಷಯ ಬಿಟ್ಟು ಹೇಳು ರತ್ನಾ," ಎಂದಳು.