ನೀಲಿ ದೋಣಿಯ ಅಕ್ಷರಗಳು

ದೋಣಿ ರಿಪೇರಿಯ ಅಂಗಳದಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಬಿಸಿಲು, ಉಪ್ಪುನೀರಿಗೆ ಮಂಕಾದ ಫೈಬರ್ ದೋಣಿಗಳನ್ನು ಉಜ್ಜಿ ಉಜ್ಜಿ ಹೊಳಪು ತರುವುದು ಅವನ ಇಪ್ಪತ್ತು ವರ್ಷಗಳ ಕಸುಬು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಉಜ್ಜಪ್ಪ.

ಆ ಸೋಮವಾರ ಒಂದು ನೀಲಿ ದೋಣಿ ಬಂತು. ಕೈಯಾಡಿಸಿದರೆ ಅಂಗೈಗೆಲ್ಲ ಸೀಮೆಸುಣ್ಣದಂಥ ಬಿಳಿ ಪುಡಿ. ಹೊರಗಿನ ಜೆಲ್‌ಕೋಟ್ ಪದರ ಅಷ್ಟು ಸತ್ತುಹೋಗಿತ್ತು. ಉಜ್ಜಪ್ಪ ಪೇಸ್ಟ್ ಹಚ್ಚಿ, ಮೂತಿಯ ಬಳಿಯಿಂದ ಉಜ್ಜುವ ಮೆಷಿನ್ ಆಡಿಸತೊಡಗಿದ. ಮಂಕು ಕಳೆದು ನೀಲಿ ಎದ್ದಿತು. ಅದರೊಳಗೆ, ಬಿಸಿಲು ತಾಗದೆ ಉಳಿದ ಕಡುನೀಲಿಯಲ್ಲಿ, ಎಂದೋ ಕಿತ್ತುಹಾಕಿದ ಸ್ಟಿಕ್ಕರಿನ ಗುರುತು: ‘ಗುಬ್ಬಿ’. ‘ಬ್ಬಿ’ ಸೊಟ್ಟಗೆ ಕೆಳಕ್ಕೆ ಜಾರಿತ್ತು.

ಉಜ್ಜಪ್ಪ ಮೆಷಿನ್ ಆರಿಸಿದ. ಗುಬ್ಬಿ ಎಂದರೆ ಅವನ ತಂಗಿಯ ಮುದ್ದಿನ ಹೆಸರು. ಆರು ವರ್ಷದವನಿದ್ದಾಗ ಅಪ್ಪನ ದೋಣಿಗೆ ಆ ‘ಬ್ಬಿ’ಯನ್ನು ಅಂಟಿಸಿದ್ದು ಅವನೇ. "ಇರ್ಲಿ ಬಿಡೋ, ಗುಬ್ಬಿ ಕಾಳು ಹೆಕ್ತಿದೆ" ಎಂದು ಅಪ್ಪ ನಕ್ಕಿದ್ದ. ಆದರೆ ಆ ದೋಣಿ ಅದೇ ವರ್ಷ ಅಪ್ಪನ ಸಮೇತ ಸಮುದ್ರದಲ್ಲಿ ಮುಳುಗಿತ್ತಲ್ಲ! ಅಮ್ಮ ಹೇಳಿದ್ದು ಹಾಗೆಯೇ.

ಮನೆಗೆ ಹೋದಾಗ ಅಮ್ಮ ಬೀನ್ಸ್ ಬಿಡಿಸುತ್ತಿದ್ದಳು.

"ಅಮ್ಮ, ಅಪ್ಪನ ದೋಣಿ ಮುಳುಗಿತ್ತು ತಾನೇ?"

"ಯಾಕೋ ಈಗ?"

"ಈಗಷ್ಟೇ ಅದನ್ನ ಉಜ್ಜಿ ಬಂದೆ."

ಅಮ್ಮ ಬೀನ್ಸಿನ ನಾರನ್ನು ಬೆರಳಿಗೆ ಸುತ್ತಿದಳು. "ಅಪ್ಪ ಹೋಗಿದ್ದು ನಿಜ ಕಣೋ. ಮೂರನೇ ದಿನ ದೋಣಿ ಮಾತ್ರ ಖಾಲಿ ಸಿಕ್ತು. ದೂರದೂರಿನವರಿಗೆ ಕೊಟ್ಬಿಟ್ಟೆ. ಅದು ಕಣ್ಮುಂದೆ ಇದ್ದಿದ್ರೆ ನೀನೂ ಹತ್ತಿ ಹೋಗ್ತಿದ್ದೆ."

"ಹೇಳ್ಬಹುದಿತ್ತಲ್ಲಮ್ಮ?"

"ಹೇಳೋಣ ಅಂತಿದ್ದೆ. ನೀನು ದಡದಲ್ಲೇ ಕೆಲಸ ಹಿಡಿದೆ. ಆಮೇಲೆ ಬಾಯೇ ಬರ್ಲಿಲ್ಲ."

ಅವನಿಗೆ ಕೋಪ ಬಂತು. ಇವಳು ತನ್ನನ್ನು ಉಳಿಸಿದಳೋ ಕಟ್ಟಿಹಾಕಿದಳೋ? ಯೋಚಿಸಿದಷ್ಟೂ ಎಲ್ಲ ಕಲಸುಮೇಲೋಗರವಾಯಿತು.

ಮರುದಿನ ದೋಣಿಯ ಒಡತಿ ಬಂದಳು. ಒಬ್ಬಳೇ ಮೀನಿಗೆ ಹೋಗುವ ಗಟ್ಟಿಗಿತ್ತಿ. "ಇದೇನಣ್ಣ ಅಕ್ಷರ? ಉಜ್ಜಿದ್ರೆ ಹೋಗಲ್ವಾ?"

"ಹೋಗುತ್ತೆ." ಮೆಷಿನ್ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಕೊನೆಗೆ ತಡವರಿಸುತ್ತ ಎಲ್ಲ ಹೇಳಿಬಿಟ್ಟ.

"ಹಾಗಾದ್ರೆ ಅದು ಇರ್ಲಿ" ಎಂದಳು ಆಕೆ. "ನೀರಿಗಿಳಿಸೋ ದಿನ ನೀವೂ ಬನ್ನಿ."

ಶನಿವಾರ ಹೋದ. ಬಂದರಿನ ಬಾಯಿ ದಾಟುತ್ತಲೇ ದೋಣಿಯ ಅಂಚು ಹಿಡಿದು ವಾಂತಿ ಮಾಡಿಕೊಂಡ. ಅದರ ನಡುವೆಯೇ ಯಾಕೋ ನಗು ಬಂತು. ನಗುತ್ತಿದ್ದಂತೆ ಅಳು ಬಂತು. ಒಡತಿ ನೋಡಿಯೂ ನೋಡದವಳಂತೆ ಎಂಜಿನ್ ಕಡೆ ತಿರುಗಿದಳು.

ದಡಕ್ಕೆ ಮರಳಿದಾಗ ಅಮ್ಮ ತಂಗಿಯ ತೋಳು ಹಿಡಿದು ನಿಂತಿದ್ದಳು.

"ಹೆಂಗಿತ್ತೋ?"

"ಗೊತ್ತಾಗ್ಲಿಲ್ಲಮ್ಮ. ನಾಳೆ ಇನ್ನೊಂದ್ಸಲ ಹೋಗಿ ಬರ್ತೀನಿ."

ಅಮ್ಮ ಬೇಡ ಅನ್ನಲು ಬಾಯಿ ತೆರೆದವಳು, ಅವನ ಬಿಳಚಿದ ಮುಖ ನೋಡಿ ಸೆರಗಿನಿಂದ ಅದನ್ನು ಒರೆಸಿದಳು. ಆಮೇಲೆ, "ಖಾಲಿ ಹೊಟ್ಟೇಲಿ ಮಾತ್ರ ಹೋಗ್ಬೇಡ" ಎಂದಳು.