ಮೊಣಕಾಲಿಗೊಂದು ದಿಂಬು

ಎಕ್ಸ್‌ರೇ ವಿಭಾಗದ ಉಸ್ತುವಾರಿ ವಹಿಸಿಕೊಂಡ ಮೇಲೆ ಅಕ್ಕ ಮಾಡಿದ ಮೊದಲ ಕೆಲಸ ಯಾರಿಗೂ ಹಿಡಿಸಲಿಲ್ಲ. ಸಹೋದ್ಯೋಗಿಗಳೆಲ್ಲ ಅವಳನ್ನು ಕರೆಯುತ್ತಿದ್ದುದೇ ಅಕ್ಕ ಎಂದು. ಸರಿಬಾರದ ಚಿತ್ರವನ್ನು ಸದ್ದಿಲ್ಲದೆ ಅಳಿಸಿ, ರೋಗಿಯನ್ನು ಮತ್ತೆ ಮಲಗಿಸಿ ಇನ್ನೊಂದು ತೆಗೆಯುವುದು ಅಲ್ಲಿಯ ವಾಡಿಕೆ. ಇನ್ನು ಮುಂದೆ ಒಂದನ್ನೂ ಅಳಿಸಕೂಡದು, ವಾರಕ್ಕೊಮ್ಮೆ ಕೂತು ಎಲ್ಲರೂ ನೋಡೋಣ ಎಂದಳು.

"ಕೆಟ್ಟಿದ್ದನ್ನೆಲ್ಲ ತೆರೆದಿಟ್ಟು ನಮ್ಮ ಮಾನ ಹರಾಜು ಹಾಕ್ತೀಯಾ?" ಎಂದು ಸಿಡುಕಿದವರು ಮೇಷ್ಟ್ರು. ಅವಳಿಗೆ ಈ ಕೆಲಸ ಕಲಿಸಿದ ಹಿರಿಯ ತಂತ್ರಜ್ಞರು. ಕೈ ಎಷ್ಟು ಪಳಗಿತ್ತೋ ನಾಲಿಗೆ ಅಷ್ಟೇ ಖಾರ.

"ನಂದನ್ನೇ ಮೊದಲು ಇಡ್ತೀನಿ ಸಾರ್. ಮತ್ತೆ ತೆಗೆದಾಗೆಲ್ಲ ಆ ಜೀವದ ಮೇಲೆ ಇನ್ನೊಂದು ಸಲ ಕಿರಣ ಬೀಳುತ್ತಲ್ಲ, ಯಾಕೆ ಕೆಡ್ತಿದೆ ಅಂತ ತಿಳೀಬೇಡವಾ?"

ಮೊದಲ ಸಭೆಯಲ್ಲಿ ಅವಳ ಚಿತ್ರ ಕಂಡು ಎಲ್ಲರೂ ನಕ್ಕರು. ರೋಗಿಯ ಎದೆಗೂಡಿನ ಮೇಲೆ ಕತ್ತಿನ ಸರ ಠೀವಿಯಿಂದ ಕೂತಿತ್ತು. ಬಿಗುವು ಸಡಿಲಿತು, ಒಬ್ಬೊಬ್ಬರೇ ತಮ್ಮದನ್ನು ಹೊರತೆಗೆದರು. ಆಗ ಎದ್ದು ಕಂಡದ್ದು ಮೊಣಕಾಲು. ಪಕ್ಕದಿಂದ ತೆಗೆದ ಮೊಣಕಾಲಿನ ಚಿತ್ರಗಳೇ ಎಲ್ಲಕ್ಕಿಂತ ಹೆಚ್ಚು ಕೆಟ್ಟಿದ್ದವು. ಮೇಷ್ಟ್ರದೂ ಇದ್ದವು. ಅವರ ಮುಖ ಗಂಟಿಕ್ಕಿತು.

ಮರುದಿನ ಬೆಳಗ್ಗೆ, ರೋಗಿಗಳು ಬರುವ ಮುಂಚೆ, ಅಕ್ಕ ತಾನೇ ಮೇಜಿನ ಮೇಲೆ ಮಗ್ಗುಲಾಗಿ ಮಲಗಿದಳು. "ಯಂತ್ರ ಹಚ್ಚಬೇಡಿ ಸಾರ್. ರೋಗಿಗೆ ಮಾಡೋ ಹಾಗೆ ನನ್ನ ಕಾಲು ಇಟ್ಟುಬಿಟ್ಟು ಗೋಡೆಯ ಆಚೆ ಹೋಗಿ."

ಮೇಷ್ಟ್ರು ಗೊಣಗುತ್ತಲೇ ಕೆಳಗಿನ ಕಾಲನ್ನು ಮಡಿಸಿ, ಮೇಲಿನದನ್ನು ಮುಂದಕ್ಕಿಟ್ಟು ಹೋದರು. ಅವರು ಬಾಗಿಲು ದಾಟುವಷ್ಟರಲ್ಲಿ ಅಕ್ಕ ಕೂಗಿದಳು: "ಸಿಕ್ತು! ನೀವು ಸರಿಯಾಗೇ ಇಟ್ಟಿದ್ರಿ ಸಾರ್. ಮೇಲಿನ ಕಾಲಿಗೆ ಆಸರೆ ಇಲ್ಲ. ಅದು ಜಾರ್ತಾ ಸೊಂಟಾನೂ ಎಳ್ಕೊಂಡು ಹೋಗುತ್ತೆ, ಚಿತ್ರ ತೆಗೆಯೋ ಕೆಳಗಿನ ಮೊಣಕಾಲು ತಿರುಗಿಬಿಡುತ್ತೆ!"

ಮೇಷ್ಟ್ರು ಮರಳಿ ಬಂದು ಬಗ್ಗಿ ನೋಡಿದರು. ಮುಖದ ಗಂಟು ಬಿಚ್ಚಿತು. "ಹೌದಲ್ಲೇ! ಹಾಗಾದ್ರೆ ಅದರ ಕೆಳಗೆ ಏನಾದ್ರೂ ಕೊಡಬೇಕು."

ಮಡಿಸಿದ ಚಾದರ ಕುಸಿಯಿತು, ಮೆತ್ತನೆ ದಿಂಬು ಚಪ್ಪಟೆಯಾಯಿತು. ಅಕ್ಕನಿಗೆ ಗಂಡನ ನೆನಪಾಯಿತು. ಅವನು ವಾಹನಗಳ ಸೀಟು ಹೊಲಿಯುವವನು. ಮನೆಯಲ್ಲಿ ಅವಳನ್ನು ಮಂಚದ ಮೇಲೆ ಮಲಗಿಸಿ ಟೇಪು ಹಿಡಿದು ಅವನು ಅಳತೆ ತೆಗೆಯುತ್ತಿದ್ದಾಗ ಅತ್ತೆ ಕುಂಟುತ್ತಾ ಬಂದರು.

"ಇವಳದು ಕಬ್ಬಿಣದ ಕಾಲು ಕಣೋ. ಆಸ್ಪತ್ರೆಗೆ ಬರೋರು ನನ್ನಂಥವರು. ನನ್ನ ಕಾಲಿಗೆ ಹಿತ ಅನ್ನಿಸೋವರೆಗೂ ಕತ್ತರಿಸು!"

ಅವನು ಗಟ್ಟಿ ಸ್ಪಂಜನ್ನು ಕೊಯ್ಯುವುದು, ಅತ್ತೆ ಕಾಲಿಟ್ಟು "ಊಹೂಂ" ಎನ್ನುವುದು. ಇಡೀ ಭಾನುವಾರ ಅದೇ ಆಯಿತು. ಕೊನೆಗೆ "ಆಹಾ, ಇದು ಸರಿ" ಎಂಬ ಅಪ್ಪಣೆ ಸಿಕ್ಕಿತು. ಒರೆಸಲು ಬರುವ ರೆಕ್ಸಿನ್ನಿನ ಹೊದಿಕೆಗೆ ಅವನು ಜಿಪ್ಪು ಹಚ್ಚಲು ಹೋದಾಗ ಅಕ್ಕ ತಡೆದಳು. "ಬೇಡ ರೀ, ಲೋಹ ಚಿತ್ರದಲ್ಲಿ ಮೂಡುತ್ತೆ." ಅವನು ಅಂಚನ್ನು ಕೈಯಲ್ಲೇ ಹೊಲಿದು ಮುಚ್ಚಿದ.

ಚಿತ್ರಗಳನ್ನು ಓದುವ ಹಿರಿಯ ಡಾಕ್ಟರಮ್ಮ ಕೆಲವು ವಾರಗಳ ನಂತರ ತಾವಾಗಿಯೇ ಕೆಳಗಿಳಿದು ಬಂದರು. ಮೊಣಕಾಲಿನ ರೋಗಿಗಳನ್ನು ಮತ್ತೆ ಮಲಗಿಸುವುದು ಅಷ್ಟರಲ್ಲಿ ಅಪರೂಪವಾಗಿತ್ತು. "ಇಷ್ಟು ಚೆನ್ನಾಗಿರೋ ಮೊಣಕಾಲು ನಾನು ನೋಡೇ ಇರಲಿಲ್ಲ. ಏನು ಮಾಡಿದ್ರಿ?"

ಅಕ್ಕ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ದಿಂಬನ್ನು ಎತ್ತಿ ಹಿಡಿದಿದ್ದರು. "ಯೋಚನೆ ಇವಳದು, ಹೊಲಿದದ್ದು ಇವಳ ಗಂಡ, ಪರೀಕ್ಷೆ ಮಾಡಿದ್ದು ಅತ್ತೆ. ಇವಳಿಗೆ ಕೆಲಸ ಕಲಿಸಿದ್ದು ನಾನು, ಅದನ್ನೂ ಸ್ವಲ್ಪ ನೆನಪಿಟ್ಕೊಳ್ಳಿ ಮೇಡಂ!"

ಎಲ್ಲರೂ ಗೊಳ್ಳೆಂದರು. ಇಷ್ಟು ವರ್ಷಗಳಲ್ಲಿ ಮೇಷ್ಟ್ರ ಬಾಯಿಂದ "ಪರವಾಗಿಲ್ಲ" ಎನ್ನುವುದಕ್ಕಿಂತ ದೊಡ್ಡ ಮಾತನ್ನು ಅಕ್ಕ ಕೇಳಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಅವಳು ಕಣ್ಣೊರೆಸಿಕೊಂಡು, ಎದೆಯುಬ್ಬಿಸಿ ಬಾಗಿಲು ತೆರೆದು, ಮುಂದಿನವರನ್ನು ಕರೆದಳು.